ಕ್ಯಾಮೆರಾ ಹಿಡಿದವನಿಗೆ ಟಿಟ್ಟಿಭ ಕಲಿಸಿದ ಪಾಠ

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕೋಡ್ ಬರೆಯುವವನಿಗೆ ಭಾನುವಾರ ಬೆಳಗ್ಗೆ ಐದಕ್ಕೇ ಏಳೋ ಹುಚ್ಚು ಯಾಕೆ ಅಂತ ನನ್ನ ಹೆಂಡತಿ ಈಗಲೂ ಕೇಳ್ತಾಳೆ. ಮೂರು ವರ್ಷದ ಹಿಂದೆ ಬೋನಸ್ ಹಣದಲ್ಲಿ 150-600 ಎಂಎಂ ಲೆನ್ಸ್ ಕೊಂಡಾಗ ಹಿಡಿದ ಹುಚ್ಚು ಇದು. ಬೆಂಗಳೂರಿನ ನಮ್ಮ ಮನೆ ಹತ್ತಿರದ ಕೆರೆಯಲ್ಲಿ ನಾಮದ ಕೋಳಿ, ನೀರುಕಾಗೆ, ಮಿಂಚುಳ್ಳಿ ಎಲ್ಲ ಇವೆ ಅಂತ ನನಗೆ ಗೊತ್ತಾಗಿದ್ದೇ ಆಗ. ಮೊದಲ ಆರು ತಿಂಗಳು ತೆಗೆದ ಫೋಟೋಗಳಲ್ಲಿ ಹಕ್ಕಿಗಿಂತ ಹಕ್ಕಿ ಹಾರಿಹೋದ ಖಾಲಿ ಕೊಂಬೆಗಳೇ ಜಾಸ್ತಿ!

ದೊಡ್ಡ ಲೆನ್ಸ್ ಇದ್ದರೆ ಸಾಕು ಅಂದುಕೊಂಡಿದ್ದೆ. ಸಾಲದು. ಹಾರುವ ಹಕ್ಕಿ ಮಸುಕಾಗದೆ ಸಿಗಬೇಕಾದರೆ ಶಟರ್ ವೇಗ 1/2000 ಸೆಕೆಂಡಿನ ಆಸುಪಾಸು ಇರಬೇಕು. ಬೆಳಗಿನ ಸೂರ್ಯ ನಮ್ಮ ಬೆನ್ನ ಹಿಂದಿರಬೇಕು. ಹಕ್ಕಿ ನೆಲದ ಮೇಲಿದ್ದರೆ ನಾವೂ ನೆಲಕ್ಕೆ ಬೋರಲು ಮಲಗಬೇಕು. ಅದರ ಕಣ್ಣಿನ ಮಟ್ಟಕ್ಕೆ ಇಳಿದರೇನೇ ಚಿತ್ರಕ್ಕೆ ಜೀವ. ಮಿಂಚುಳ್ಳಿ ಮತ್ತೆ ಮತ್ತೆ ಅದೇ ಕೊಂಬೆಗೆ ಬಂದು ಕೂರುತ್ತೆ, ಅದರ ಹಿಂದೆ ಓಡೋದಕ್ಕಿಂತ ಆ ಕೊಂಬೆಯೆದುರು ಸುಮ್ಮನೆ ಕಾಯೋದು ವಾಸಿ. ಇದೆಲ್ಲ ಬೇಗ ಕಲಿತೆ. ತಡವಾಗಿ ಕಲಿತದ್ದು ಬೇರೆ ಒಂದಿದೆ.

ಹೋದ ವರ್ಷ ಏಪ್ರಿಲ್‌ನಲ್ಲಿ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಕೆರೆ ಬತ್ತಿತ್ತು, ನಡುವೆ ಒಂದು ಗುಂಡಿಯಲ್ಲಷ್ಟೇ ನೀರು. ಕೆರೆಯಂಗಳದಲ್ಲಿ ನಡೆಯುತ್ತಿದ್ದಾಗ ಒಂದು ಟಿಟ್ಟಿಭ ಕಿರುಚಿಕೊಂಡು ತಲೆ ಮೇಲೇ ಎರಗಿತು. ಕೆಳಗೆ ನೋಡಿದರೆ ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಗೂಡು ಅಂತ ಏನೂ ಇಲ್ಲ, ನೆಲದಲ್ಲೊಂದು ಸಣ್ಣ ತಗ್ಗು. ಹತ್ತು ಹೆಜ್ಜೆ ದೂರದಲ್ಲಿ ಮಲಗಿ ಕಾದೆ. ಹಕ್ಕಿ ಬಂದು ಮೊಟ್ಟೆ ಮೇಲೆ ಕೂರಲಿಲ್ಲ. ಮತ್ತೆ ಮತ್ತೆ ನನ್ನ ಕಡೆಗೇ ಎರಗುತ್ತಿತ್ತು. ನನಗೋ ಖುಷಿ! ರೆಕ್ಕೆ ಬಿಚ್ಚಿದ, ಕೊಕ್ಕು ತೆರೆದ ಚಿತ್ರಗಳು ಮುನ್ನೂರರ ಮೇಲಾದವು. ಹನ್ನೊಂದು ಗಂಟೆಯ ಬಿಸಿಲಲ್ಲಿ ಮುಕ್ಕಾಲು ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಏರಿ ಮೇಲಿಂದ ದೊಡ್ಡಪ್ಪ ಇಳಿದು ಬಂದರು. "ಏನಪ್ಪಾ, ಅಷ್ಟೊತ್ತಿಂದ ಅದು ಬಾಯಿ ಬಡ್ಕೊಂತೈತೆ, ನಿನ್ ಕಿವಿಗೆ ಬೀಳ್ಲಿಲ್ವಾ? ಆ ಕಲ್ಲು ಮುಟ್ಟಿ ನೋಡು."

ಮುಟ್ಟಿದೆ. ಸುಡುತ್ತಿತ್ತು.

"ಮೊಟ್ಟೇನೂ ಹಂಗೇ ಸುಡ್ತೈತೆ. ಏಳು ಮೇಲೆ."

ಇಬ್ಬರೂ ಏರಿ ಹತ್ತಿ ಮರದ ಮರೆಯಲ್ಲಿ ನಿಂತೆವು. ಐದೇ ನಿಮಿಷ. ಹಕ್ಕಿ ಗುಂಡಿ ನೀರಿಗೆ ಓಡಿ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ನೆರಳಾಗಿ ನಿಂತಿತು. ಬಿರುಬೇಸಿಗೆಯಲ್ಲಿ ಟಿಟ್ಟಿಭ ಮೊಟ್ಟೆಗೆ ಕಾವು ಕೊಡೋದಕ್ಕಿಂತ ಅದನ್ನು ತಂಪಾಗಿಡೋ ಕೆಲಸವೇ ದೊಡ್ಡದು. ಆ ಕೆಲಸವನ್ನೇ ನಾನು ತಡೆದು ಮಲಗಿದ್ದೆ.

ಅಷ್ಟಾದರೂ ರಾತ್ರಿ ಫೇಸ್‌ಬುಕ್‌ಗೆ ಫೋಟೋ ಹಾಕಿದೆ ನೋಡಿ! ಲೈಕುಗಳ ಸುರಿಮಳೆ. ಹಕ್ಕಿಗೆ ಅಷ್ಟು ಸಿಟ್ಟು ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಮೂರು ವಾರದ ನಂತರ ದೊಡ್ಡಪ್ಪನ ಫೋನ್: "ಎರಡು ಮರಿ ಓಡಾಡ್ತಾವೆ ಕಣಪ್ಪಾ. ಇನ್ನೆರಡು ಮೊಟ್ಟೆ ಅಲ್ಲೇ ಬಿದ್ದವೆ." ಅದಕ್ಕೆ ನನ್ನ ಮುಕ್ಕಾಲು ಗಂಟೆಯೇ ಕಾರಣ ಅಂತ ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ. ಅವತ್ತೇ ಆ ಫೋಟೋ ಅಳಿಸಿದೆ.

ಆಮೇಲೆ ಓದಿ ತಿಳಿದದ್ದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಇಲ್ಲದಿದ್ದರೇನು, ಅವತ್ತು ನಾನು ಮಾಡಿದ್ದಕ್ಕೂ ಅದೇ ಹೆಸರು.

ಈಗ ನನ್ನ ನಿಯಮ ಸರಳ. ಹಕ್ಕಿ ಮೇಯೋದು ಬಿಟ್ಟು ನನ್ನನ್ನೇ ನೋಡ್ತಿದೆ ಅಂದ್ರೆ ನಾನು ಹತ್ತಿರ ಬಂದಿದ್ದೇನೆ ಅಂತ ಅರ್ಥ. ಕೂಗತೊಡಗಿದರೆ ಹಿಂದೆ ಸರಿಯಬೇಕು. ಗೂಡಿಗೆ ಅಡ್ಡ ಬಂದ ಎಲೆ, ಕೊಂಬೆ ಸರಿಸಲೇಬಾರದು. ಅದೇ ಗೂಡಿನ ಮರೆ, ಸರಿಸಿದರೆ ಕಾಗೆಗೆ ದಾರಿ ತೋರಿಸಿದಂತೆ. ಗೂಡು ಇರುವ ಜಾಗವನ್ನು ಫೋಟೋ ಜೊತೆ ಬರೆಯುವುದೂ ಬೇಡ. ಗೂಡುಗಳನ್ನು ನೋಡುವ ಆಸೆಯಿದ್ದರೆ ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ; ಜನರ ಓಡಾಟ ಅವಕ್ಕೆ ಹೊಸದಲ್ಲ. ಅಲ್ಲೂ ಗದ್ದಲ ಬೇಡ, ಅಷ್ಟೇ.

ಈ ಏಪ್ರಿಲ್‌ನಲ್ಲೂ ಊರಿಗೆ ಹೋಗಿದ್ದೆ. ಕೆರೆಯಂಗಳದಲ್ಲಿ ಮತ್ತೆ ಟಿಟ್ಟಿಭ ಕೂತಿತ್ತು. ಏರಿ ಮೇಲಿಂದಲೇ ಎರಡು ಫೋಟೋ ತೆಗೆದು ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಕೇಳಿದರು, "ಇದ್ರಾಗೆ ಹಕ್ಕಿ ಎಲ್ಲೈತೋ?"

ಬೆರಳಿಟ್ಟು ತೋರಿಸಿದೆ. ಸಾಸಿವೆ ಕಾಳಿನಷ್ಟಿತ್ತು.

"ಸದ್ಯ, ಕೂಗ್ತಿಲ್ಲ ಬಿಡು" ಅಂದರು.