ಹೆಬ್ಬಾತಿನ ಕೊರಳ ಪಟ್ಟಿ

ಚಳಿ ಇಳಿಯುತ್ತಿದ್ದಂತೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಅತಿಥಿಗಳು ಹೊರಡಲು ಅಣಿಯಾಗುತ್ತಾರೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಪಟ್ಟೆತಲೆ ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಹಿಮಾಲಯದಾಚೆಯ ಟಿಬೆಟ್, ಮಂಗೋಲಿಯಾಗಳತ್ತ ಮರಳುತ್ತವೆ. ಹಗಲಲ್ಲಿ ಕೆರೆಯೇ ಅವುಗಳ ವಿಶ್ರಾಂತಿಧಾಮ. ಮೇವು ಸುತ್ತಲ ಹೊಲಗಳಲ್ಲಿ. ತಿಂದದ್ದು ಮೈಯಲ್ಲಿ ಕೊಬ್ಬಾಗಿ ಕೂಡುತ್ತದೆ. ದಾರಿಯ ಬುತ್ತಿಯೆಂದರೆ ಅದೇ.

2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಕ್ಯಾಮೆರಾ ಹಿಡಿದು ಬರುವವರಿಗೇನೂ ಕೊರತೆಯಿಲ್ಲ. ಇಡೀ ಹಿಂಡು ಒಮ್ಮೆಲೇ ಮೇಲೇಳುವ ಚಿತ್ರದ ಆಸೆ ಯಾರಿಗಿಲ್ಲ? ಆದರೆ ಚಪ್ಪಾಳೆ ತಟ್ಟಿಯೋ ದಂಡೆಯಿಂದ ಮುನ್ನುಗ್ಗಿಯೋ ಎಬ್ಬಿಸಿದರೆ ಅದು ಬುತ್ತಿಗೆ ಕೈಹಾಕಿದಂತೆ. ಎರಡು ಮೂರು ಕಿಲೋ ತೂಗುವ ಹಕ್ಕಿ ನೀರಿನಿಂದ ಮೇಲೇಳಲು ಹೆಚ್ಚು ಶಕ್ತಿ ಸುಡಬೇಕು. ಮುಂದಿನ ಹಾದಿಯಾದರೂ ಸುಲಭವೇ? ಉಪಗ್ರಹ ಸಾಧನ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ 7 ಸಾವಿರ ಮೀಟರಿಗೂ ಮೀರಿದ ಎತ್ತರದ ಹಾರಾಟ ದಾಖಲಾಗಿದೆ. ಅಲ್ಲಿ ಗಾಳಿಯೇ ತೆಳು.

ತಾಳ್ಮೆಯಿಂದ ತೆಗೆದ ಚಿತ್ರದ ಬೆಲೆ ಬೇರೆಯೇ. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿಗಳಿರುವ ಪಟ್ಟಿ ತೊಡಿಸಿ ಬಿಡುತ್ತಾರೆ. ಅಂಥವು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲೂ ಕಂಡಿವೆ. ದೂರದಿಂದ ಉದ್ದ ಲೆನ್ಸಿನಲ್ಲಿ ಆ ಸಂಖ್ಯೆ ಸ್ಪಷ್ಟವಾಗಿ ಸಿಕ್ಕಿದರೆ ಸಾಕು, ಹಕ್ಕಿಯನ್ನು ಮತ್ತೆ ಹಿಡಿಯದೆಯೇ ಅದರ ಊರು ತಿಳಿಯುತ್ತದೆ. ತಲೆ ಹುದುಗಿಸಿ ಮಲಗಿರುವಾಗ ಮಾತ್ರ ಪಟ್ಟಿ ಗರಿಯೊಳಗೆ ಅಡಗಿರುತ್ತದೆ. ಅದು ತಾನಾಗಿ ಎದ್ದು ಕೊರಳು ಚಾಚುವವರೆಗೂ ದಂಡೆಯಲ್ಲೇ ಕೂತಿರಬೇಕು.