ಶುದ್ಧ ವಾಕ್ಯ ಯಾವುದು?

ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರು ಸಂಧಿ, ಸಮಾಸಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ‘ಇವುಗಳಲ್ಲಿ ಶುದ್ಧ ವಾಕ್ಯ ಯಾವುದು?’ ಎಂಬ ಪ್ರಶ್ನೆ ಬಂದರೆ ಮಾತ್ರ ಓಎಂಆರ್ ಹಾಳೆಯ ಮೇಲೆ ಕೈ ತಡವರಿಸುತ್ತದೆ. ಕೆಲವು ತಪ್ಪು ನಂಬಿಕೆಗಳೇ ಅದಕ್ಕೆ ಕಾರಣ.

ತಪ್ಪು ಕಲ್ಪನೆ: ಕನ್ನಡ ನಮ್ಮ ಮನೆಮಾತು, ಕಿವಿಗೆ ಒಪ್ಪಿದ್ದೇ ಉತ್ತರ.

ವಾಸ್ತವ: ‘ರೈತರ ಬೇಡಿಕೆಗಳ ಪಟ್ಟಿ ಸಿದ್ಧವಾಗಿವೆ.’ ಕಿವಿ ಇದನ್ನು ಸುಲಭವಾಗಿ ಒಪ್ಪಿಬಿಡುತ್ತದೆ, ‘ಬೇಡಿಕೆಗಳ’ ಎಂಬ ಬಹುವಚನ ಹತ್ತಿರದಲ್ಲೇ ಇದೆಯಲ್ಲ. ಸಿದ್ಧವಾದದ್ದು ಏನು? ಪಟ್ಟಿ. ಹಾಗಾಗಿ ‘ಸಿದ್ಧವಾಗಿದೆ’. ‘ಪ್ರತಿಯೊಬ್ಬ ವಿದ್ಯಾರ್ಥಿಗಳೂ’ ಎಂಬುದೂ ಹೀಗೇ. ‘ವಿದ್ಯಾರ್ಥಿಯೂ’ ಎಂದೇ ಬರಬೇಕು.

ತಪ್ಪು ಕಲ್ಪನೆ: ‘ಮಾಡಿ’, ‘ಬಂದು’ ಎಂಬಂಥ ಕೃದಂತಾವ್ಯಯಕ್ಕೂ ಕ್ರಿಯಾಪದಕ್ಕೂ ಕರ್ತೃ ಒಂದೇ ಇರದಿದ್ದರೆ ವಾಕ್ಯ ತಪ್ಪು.

ವಾಸ್ತವ: ‘ನಾವು ಊಟ ಮಾಡಿ ಮಳೆ ಬಂತು’ ತಪ್ಪೇ. ಉಂಡವರು ನಾವು, ಬಂದದ್ದು ಮಳೆ. ‘ಊಟ ಮಾಡಿದ ಮೇಲೆ’ ಎನ್ನಬೇಕು. ಆದರೆ ‘ಮಳೆ ಬಂದು ಕೆರೆ ತುಂಬಿತು’? ಇಲ್ಲೂ ಕರ್ತೃ ಎರಡು, ಆದರೂ ಯಾವ ಕನ್ನಡಿಗನೂ ಇದನ್ನು ತಪ್ಪೆನ್ನಲಾರ. ಮಳೆ ಬಂದದ್ದರಿಂದಲೇ ಕೆರೆ ತುಂಬಿತು. ಆ ಕಾರ್ಯಕಾರಣವೇ ಎರಡನ್ನೂ ಬೆಸೆದಿದೆ. ನಮ್ಮ ಊಟಕ್ಕೂ ಮಳೆಗೂ ಅಂಥ ನಂಟಿಲ್ಲ. ನಿಯಮ ಗೊತ್ತಿದ್ದೂ ಅಂಕ ಕಳೆದುಕೊಳ್ಳುವವರು ಎಡವುವುದು ಇಲ್ಲೇ.

ತಪ್ಪು ಕಲ್ಪನೆ: ವಿಭಕ್ತಿ ಪ್ರತ್ಯಯ ಬಿಟ್ಟರೆ ವಾಕ್ಯ ಅಶುದ್ಧ.

ವಾಸ್ತವ: ‘ಪುಸ್ತಕ ಓದಿದೆ’ ಒಳ್ಳೆಯ ಕನ್ನಡ. ‘ಹುಡುಗ ಕರೆದೆ’ ಮಾತ್ರ ಆಗದು, ಹುಡುಗ ವಸ್ತುವಲ್ಲ, ವ್ಯಕ್ತಿ; ‘ಹುಡುಗನನ್ನು’ ಎನ್ನಲೇಬೇಕು. ‘ಹೆಣ್ಣು ನೋಡಲು ಹೋದರು’ ಎನ್ನುವಾಗ ಇಂಥವಳೇ ಎಂದು ಹೇಳದಿರುವುದರಿಂದ ಪ್ರತ್ಯಯವಿಲ್ಲದೆಯೂ ನಡೆಯುತ್ತದೆ.

ತಪ್ಪು ಕಲ್ಪನೆ: ಭಾರದ ಪದಗಳ ಉದ್ದ ವಾಕ್ಯವೇ ಹೆಚ್ಚು ಶುದ್ಧ.

ವಾಸ್ತವ: ಮದುವೆ ಕರೆಯೋಲೆಯ ‘ಸಕುಟುಂಬ ಸಮೇತರಾಗಿ’ ನೋಡಿ. ‘ಸ’ ಎಂದರೂ ಜೊತೆಗೆ, ‘ಸಮೇತ’ ಎಂದರೂ ಜೊತೆಗೆ. ‘ಕುಟುಂಬ ಸಮೇತರಾಗಿ’ ಎಂದರೆ ಸಾಕು. ‘ಸುಮಾರು ಐವತ್ತರಷ್ಟು’ ಅದೇ ಜಾತಿಯದು. ಇನ್ನು ‘ನನ್ನಿಂದ ಪತ್ರವು ಬರೆಯಲ್ಪಟ್ಟಿತು’ ವ್ಯಾಕರಣಕ್ಕೆ ತಪ್ಪಲ್ಲ. ಅತ್ಯುತ್ತಮ ವಾಕ್ಯ ಯಾವುದೆಂದು ಕೇಳಿದಾಗ ಪಕ್ಕದಲ್ಲಿ ‘ನಾನು ಪತ್ರ ಬರೆದೆ’ ಇದ್ದರೆ ಅದನ್ನೇ ಆರಿಸಿ.

ತಪ್ಪು ಕಲ್ಪನೆ: ಹಳೆಯ ಸೂತ್ರಗಳು ಬಾಯಿಪಾಠವಿದ್ದರೆ ಸಾಕು.

ವಾಸ್ತವ: 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ನಮ್ಮ ಹೆಮ್ಮೆ. ಅದು ವಿವರಿಸುವುದು ಹಳಗನ್ನಡವನ್ನು. ಪ್ರಶ್ನೆಪತ್ರಿಕೆ ತಿದ್ದಲು ಕೊಡುವುದು ಇಂದಿನ ಬರಹದ ಕನ್ನಡವನ್ನು. ಇವತ್ತಿನ ಪತ್ರಿಕೆಯ ಒಂದು ಸುದ್ದಿ ತೆಗೆದುಕೊಳ್ಳಿ, ಪ್ರತಿ ಕ್ರಿಯಾಪದಕ್ಕೂ ಅಡಿಗೆರೆ ಎಳೆದು ಅದರ ಕರ್ತೃವನ್ನು ಹುಡುಕಿ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ.