ಸ್ಲಾಟ್‌ನೀಲ್: ಆಟ ಎರಡು, ಆಡುವವರು ಅವರೇ

ಐರ್ಲೆಂಡಿನ ಉತ್ತರದಲ್ಲಿ, ಡೆರಿ ಕೌಂಟಿಯ ಮಹೆರಾ ಪೇಟೆ ದಾಟಿ ಬೆಟ್ಟದ ಕಡೆ ಹೋದರೆ ಸ್ಲಾಟ್‌ನೀಲ್ ಸಿಗುತ್ತದೆ. ಊರು ಎನ್ನುವುದಕ್ಕಿಂತ, ಕಾರ್ನ್‌ಟೋಹರ್ ಬೆಟ್ಟದ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಮನೆ ಎಂದರೆ ಸರಿ. 2016ರಲ್ಲಿ ಈ ಹಳ್ಳಿಯ ಕ್ಲಬ್ಬು ಗೇಲಿಕ್ ಫುಟ್‌ಬಾಲ್, ಕೋಲು-ಚೆಂಡಿನ ಆಟವಾದ ಹರ್ಲಿಂಗ್ ಮತ್ತು ಹೆಂಗಸರ ಹರ್ಲಿಂಗ್ ಆದ ಕಮೋಗಿ, ಈ ಮೂರರಲ್ಲೂ ಅಲ್ಸ್ಟರ್ ಪ್ರಾಂತದ ಚಾಂಪಿಯನ್ ಆಯಿತು. ಒಂಬತ್ತು ಕೌಂಟಿಗಳ ಆ ಪ್ರಾಂತದಲ್ಲಿ ಅದಕ್ಕೆ ಮುಂಚೆ ಯಾವ ಕ್ಲಬ್ಬೂ ಒಂದೇ ವರ್ಷ ಮೂರನ್ನೂ ಗೆದ್ದಿರಲಿಲ್ಲ. ಹರ್ಲಿಂಗ್‌ನಲ್ಲಂತೂ ಡೆರಿಯ ಕ್ಲಬ್ಬೊಂದು ಅಲ್ಸ್ಟರ್ ಗೆದ್ದದ್ದೇ ಅದು ಮೊದಲು.

ಹರ್ಲಿಂಗ್‌ನ ಜೀವ ಇರುವುದು ಕೋಲಿನಲ್ಲಿ. ಹರ್ಲಿ ಎಂಬ ಆ ಕೋಲನ್ನು ಸಾಂಪ್ರದಾಯಿಕವಾಗಿ ಆಷ್ ಮರದ ಬುಡದಿಂದ ಕೊಯ್ಯುತ್ತಾರೆ. ಕಾಂಡ ಬೇರಿನ ಕಡೆಗೆ ಬಾಗುವ ಜಾಗದಲ್ಲಿ ಮರದ ಎಳೆಯೂ ಬಾಗಿರುತ್ತದೆ. ಕೋಲಿನ ಅಗಲವಾದ ತುದಿ ಆ ಬಾಗಿಗೆ ಸರಿಯಾಗಿ ಕೂತರೆ ಸುಲಭಕ್ಕೆ ಸೀಳುವುದಿಲ್ಲ. ಚೆಂಡಿನ ಹೆಸರು ಸ್ಲಿಟರ್. ಚರ್ಮ ಹೊಲಿದದ್ದು, ತೂಕ 110ರಿಂದ 120 ಗ್ರಾಂ. ನೆಲದ ಮೇಲಿರುವ ಚೆಂಡನ್ನು ಕೈಯಿಂದ ಎತ್ತುವಂತಿಲ್ಲ, ಕೋಲಿನಿಂದಲೋ ಕಾಲಿನಿಂದಲೋ ಮೇಲಕ್ಕೆ ಚಿಮ್ಮಿಸಿಕೊಳ್ಳಬೇಕು. ಹಿಡಿದ ಮೇಲೂ ನಾಲ್ಕು ಹೆಜ್ಜೆಗಿಂತ ಹೆಚ್ಚು ಕೈಯಲ್ಲಿಟ್ಟುಕೊಳ್ಳುವಂತಿಲ್ಲ. ಹಾಗಾಗಿ ಓಡುವವನು ಅದನ್ನು ಕೋಲಿನ ತುದಿಯ ಮೇಲೆ ನಿಲ್ಲಿಸಿಕೊಂಡೇ ಓಡುತ್ತಾನೆ, ಮೈಮೇಲೆ ಬೀಳುವವರ ನಡುವೆಯೇ. ಇದು ಎಳವೆಯಿಂದ ಕೈಗೆ ಹತ್ತಬೇಕಾದ ವಿದ್ಯೆ.

ಕ್ಲಬ್ಬು ಹುಟ್ಟಿದ್ದು 1953ರಲ್ಲಿ. 1803ರಲ್ಲಿ ಬ್ರಿಟಿಷರು ಡಬ್ಲಿನ್‌ನಲ್ಲಿ ಗಲ್ಲಿಗೇರಿಸಿದ ಬಂಡಾಯಗಾರ ರಾಬರ್ಟ್ ಎಮೆಟ್‌ನ ಹೆಸರನ್ನು ಇಟ್ಟುಕೊಂಡಿದೆ. ಆಟವೂ ನಾಡಿನ ಅಭಿಮಾನವೂ ಇಲ್ಲಿ ಹೀಗೆ ಹೆಣೆದುಕೊಂಡಿರುವುದು ಹೊಸದಲ್ಲ. ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ 1884ರಲ್ಲಿ ತುರ್ಲೆಸ್ ಪೇಟೆಯ ಹೋಟೆಲೊಂದರಲ್ಲಿ ಶುರುವಾದದ್ದೇ ಐರಿಷರ ಸ್ವಂತ ಆಟಗಳು ಅಳಿಯಬಾರದೆಂದು. ಇಂದಿಗೂ ಆಟಗಾರರಿಗೆ ಸಂಬಳವಿಲ್ಲ. ಹುಟ್ಟಿ ಬೆಳೆದ ಊರಿಗೆ ಆಡುವುದು ಇಲ್ಲಿಯ ವಾಡಿಕೆ. ದುಡ್ಡು ಸುರಿದು ಹೊರಗಿನವರನ್ನು ತರುವ ಮಾತೇ ಇಲ್ಲ.

ನನ್ನ ಮಟ್ಟಿಗೆ ಸ್ಲಾಟ್‌ನೀಲ್‌ನ ದೊಡ್ಡತನ ಇರುವುದು ಎರಡೂ ಆಟವನ್ನು ಅದೇ ಜನ ಆಡುವುದರಲ್ಲಿ. ಎರಡೂ ಆಟ ಆಡುವ ಊರುಗಳಲ್ಲಿ ಸಾಮಾನ್ಯವಾಗಿ ಒಂದು ಮುಂದಾಗಿ ಇನ್ನೊಂದು ಸೊರಗುತ್ತದೆ. ಇಲ್ಲಿ ಜನವೇ ಕಡಿಮೆ, ಫುಟ್‌ಬಾಲಿಗೆ ಒಂದು ಪಡೆ, ಹರ್ಲಿಂಗ್‌ಗೆ ಇನ್ನೊಂದು ಎಂದು ಹಂಚಲು ಬರುವುದಿಲ್ಲ. ಆಟಗಾರ ಕ್ರಿಸ್ಸಿ ಮೆಕೇಗ್ ಅವರಂಥವರು ಎರಡಕ್ಕೂ ಇಳಿದರು. ಅಲ್ಸ್ಟರ್ ಗೆದ್ದ ಮೇಲೆ, 2017ರ ಫೆಬ್ರುವರಿ ಒಂದೇ ತಿಂಗಳಲ್ಲಿ ಅಖಿಲ ಐರ್ಲೆಂಡ್ ಸೆಮಿಫೈನಲ್ ಎರಡು, ಎದುರಿಗೆ ಎರಡೂ ಸಲ ಡಬ್ಲಿನ್ ಕ್ಲಬ್ಬು. ಫುಟ್‌ಬಾಲಿನಲ್ಲಿ ಸೇಂಟ್ ವಿನ್ಸೆಂಟ್ಸ್ ವಿರುದ್ಧ ಗೆದ್ದರು, ಹರ್ಲಿಂಗ್‌ನಲ್ಲಿ ಕೂಲಾ ಎದುರು ಸೋತರು. ಮಾರ್ಚ್ 17ರಂದು ಫುಟ್‌ಬಾಲ್ ಫೈನಲ್, ಎದುರಾಳಿ ಕೆರಿ ಕೌಂಟಿಯ ಡಾ. ಕ್ರೋಕ್ಸ್ ಕ್ಲಬ್ಬು. ಲೆಕ್ಕ ಕ್ರೋಕ್ಸ್‌ಗೆ 1-9, ಸ್ಲಾಟ್‌ನೀಲ್‌ಗೆ 1-7. ಆಗ ಈ ಆಟಗಳಲ್ಲಿ ಬಲೆಗೆ ಬಿದ್ದ ಗೋಲಿಗೆ ಮೂರು ಅಂಕ, ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಸಿಗುತ್ತಿತ್ತು. ಎಂದರೆ ಹನ್ನೆರಡಕ್ಕೆ ಹತ್ತು. ಎರಡೇ ಅಂಕದಲ್ಲಿ ಕಪ್ಪು ಕೈತಪ್ಪಿತು. 2015ರ ಫೈನಲ್‌ನಲ್ಲೂ ಅವರು ಕೊರೊಫಿನ್ ಕ್ಲಬ್ಬಿಗೆ ಸೋತಿದ್ದರು.

ಊರು ಉಳಿಸಿಕೊಂಡದ್ದು ಆಟವನ್ನಷ್ಟೇ ಅಲ್ಲ. ಕಾರ್ನ್‌ಟೋಹರ್ ಸುತ್ತಮುತ್ತ ಐರಿಷ್ ಮಾತು ಹೆಚ್ಚುಕಡಿಮೆ ನಿಂತೇಹೋಗಿತ್ತು. 1990ರ ದಶಕದಲ್ಲಿ ಊರವರು ಐರಿಷ್ ಮಾಧ್ಯಮದ ಶಿಶುವಿಹಾರ, ಆಮೇಲೆ ಶಾಲೆ ಕಟ್ಟಿಕೊಂಡರು. ಮಾತು ಉಳಿಸಲು ದುಡಿದ ಮನೆಗಳೂ ಕ್ಲಬ್ಬು ನಡೆಸುವ ಮನೆಗಳೂ ಬೇರೆ ಬೇರೆಯಲ್ಲ.

ಗಂಡಸರ ಕೈಗೆ ಸಿಗದ ಅಖಿಲ ಐರ್ಲೆಂಡ್ ಕಪ್ಪನ್ನು ಊರಿಗೆ ತಂದವರು ಹೆಣ್ಣುಮಕ್ಕಳು. 2017ರ ಮಾರ್ಚ್‌ನಲ್ಲಿ ಕಮೋಗಿ ತಂಡ ಮೊದಲ ಬಾರಿ ಗೆದ್ದಿತು. ಅದೇ ವರ್ಷ ತರಬೇತುದಾರರಲ್ಲೊಬ್ಬರಾದ ಥಾಮಸ್ ಕ್ಯಾಸಿಡಿ ತೀರಿಕೊಂಡರು. ಅವರ ಮೂವರು ಹೆಣ್ಣುಮಕ್ಕಳೂ ಅದೇ ತಂಡದಲ್ಲಿದ್ದರು. ದುಃಖ ಆರುವ ಮೊದಲೇ ಕೋಲು ಹಿಡಿದರು. 2018ರಲ್ಲಿ ಕಪ್ಪು ಮತ್ತೆ ಸ್ಲಾಟ್‌ನೀಲ್‌ಗೆ ಬಂತು, 2019ರಲ್ಲಿ ಮತ್ತೊಮ್ಮೆ.